ಟರ್ಬೊ ಬದಲಿಸುವ ಮೊದಲು ಹೊಗೆ ನೋಡಿ

ನಮ್ಮ ಗ್ಯಾರೇಜಿಗೆ ಹೊಗೆ ಬಿಡುವ ಗಾಡಿ ಬಂತೆಂದರೆ ಓನರು ಕೆಳಗೆ ಇಳಿಯುವ ಮೊದಲೇ ತೀರ್ಪು ಕೊಟ್ಟುಬಿಡುತ್ತಾರೆ. “ಅಣ್ಣಾ, ಟರ್ಬೊ ಹೋಗೈತಂತ. ಹೊಸಾದು ಹಾಕಿಬಿಡು.” ಯಾರು ಹೇಳಿದರು ಅಂತ ಕೇಳಿದರೆ ಪೆಟ್ರೋಲ್ ಬಂಕಿನಲ್ಲಿ ಯಾರೋ, ಇಲ್ಲವೇ ಮನೆಯ ಅಳಿಯ. ಟರ್ಬೊ ಅಂದರೆ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಜಾಸ್ತಿ ಗಾಳಿ ತಳ್ಳುವ ಭಾಗ.

ಬಳ್ಳಾರಿಯಲ್ಲಿ ಹೊಸಪೇಟೆ ರಸ್ತೆಯ ಕಡೆ ನಮ್ಮ ಗ್ಯಾರೇಜು. ಕುಡತಿನಿ, ತೋರಣಗಲ್ಲು, ಸಂಡೂರು ಕಡೆಯ ಗಾಡಿಗಳೇ ಜಾಸ್ತಿ. ಬಾನೆಟ್ ಎತ್ತಿದರೆ ಒಳಗೆಲ್ಲ ಅದಿರಿನ ಕೆಂಪು ಧೂಳು. ಇಂಥ ಗಾಡಿಗಳಲ್ಲಿ ಹೊಗೆ ಅಂತ ಬಂದು ಟರ್ಬೊ ಬಿಚ್ಚಿದರೆ ಎಷ್ಟೋ ಸಲ ಅದು ಸರಿಯಾಗಿಯೇ ಇರುತ್ತದೆ. ಹರಿದಿರುವುದು ಒಂದು ರಬ್ಬರ್ ಪೈಪು, ಇಲ್ಲವೇ ಕಟ್ಟಿಕೊಂಡಿರುವುದು ಬ್ರೀದರು, ಅಂದರೆ ಎಂಜಿನ್ ಹೊಟ್ಟೆಯ ಆವಿ ಹೊರಬಿಡುವ ದಾರಿ. ಇನ್ನು ಕೆಲವು ಸಲ ಟರ್ಬೊ ನಿಜವಾಗಿಯೂ ಹೋಗಿರುತ್ತದೆ. ಆದರೆ ಅದನ್ನು ಕೆಡಿಸಿದ್ದು ಬೇರೆಯದೇ ಇರುತ್ತದೆ. ಅದನ್ನು ಹಿಡಿಯದೆ ಹೊಸ ಟರ್ಬೊ ಕೂರಿಸಿದರೆ ಅದೂ ಹೋಗುತ್ತದೆ. ಹತ್ತಾರು ಸಾವಿರ ರೂಪಾಯಿ ನೀರಲ್ಲಿ ಹೋಮ.

ಹಾಗಾಗಿ ಹೊಗೆ ನೋಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾಗಿ ಡೀಸೆಲ್ ಟರ್ಬೊ ಕಾರು, ಜೀಪುಗಳಿಗೆ. ಪೆಟ್ರೋಲ್ ಟರ್ಬೊದಲ್ಲಿ ಬೇರೆ ಥರ ಇದ್ದಲ್ಲಿ ಅಲ್ಲಲ್ಲೇ ಹೇಳುತ್ತೇನೆ. ಅರ್ಧ ಕೆಲಸಕ್ಕೆ ಪಾನಾ ಕೂಡ ಬೇಡ. ಓನರು ಮನೆಯಲ್ಲೇ ನೋಡಬಹುದು.

ಬಣ್ಣಕ್ಕಿಂತ ಮೊದಲು ಹೊತ್ತು

ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಇಲ್ಲವೇ ಗಾಳಿ ಕಡಿಮೆ. ನೀಲಿ ಅಂದರೆ ಆಯಿಲ್ ಸುಡುತ್ತಿದೆ. ಬಿಳಿ ಅಂದರೆ ಕೂಲೆಂಟು, ಇಲ್ಲವೇ ಸುಡದೆ ಹೊರಬಂದ ಡೀಸೆಲ್. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಇದರಿಂದ ಏನು ಸುಡುತ್ತಿದೆ ಅಂತ ತಿಳಿಯುತ್ತದೆಯೇ ಹೊರತು ಎಲ್ಲಿಂದ ಬರುತ್ತಿದೆ ಅಂತ ತಿಳಿಯುವುದಿಲ್ಲ. ಅದಕ್ಕೆ ನಾನು ಮೊದಲು ಕೇಳುವುದು ಹೊತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬರುತ್ತದೋ, ಬಿಸಿಯಾದ ಮೇಲೋ? ಲಾರಿ ಓವರ್‌ಟೇಕ್ ಮಾಡಲು ಜೋರಾಗಿ ತುಳಿದಾಗಲೋ? ರೈಲ್ವೆ ಗೇಟಿನಲ್ಲಿ ಎಂಜಿನ್ ಆಫ್ ಮಾಡದೆ ನಿಂತು, ಆಮೇಲೆ ಹೊರಟಾಗಲೋ? ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗಲೋ?

ಎರಡನೇ ಪ್ರಶ್ನೆ, ಏನು ಕಡಿಮೆಯಾಗುತ್ತಿದೆ? ಆಯಿಲೋ, ಕೂಲೆಂಟೋ, ಪಿಕಪ್ಪೋ, ಮೈಲೇಜೋ? ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಹುಡುಕುವ ಜಾಗ ತುಂಬ ಚಿಕ್ಕದಾಗುತ್ತದೆ. ಬಹಳ ಜನ “ಯಾವಾಗ್ಲೂ ಬರುತ್ತೆ” ಅನ್ನುತ್ತಾರೆ. ಯಾವಾಗಲೂ ಬರುವ ಹೊಗೆ ಬಹಳ ಕಡಿಮೆ. ಸರಿಯಾಗಿ ನೋಡಿರುವುದಿಲ್ಲ, ಅಷ್ಟೇ.

ನೋಡುವುದನ್ನು ತಣ್ಣಗಿರುವ ಎಂಜಿನ್ನಿನಿಂದಲೇ ಶುರು ಮಾಡಬೇಕು. ಗಾಡಿ ರಾತ್ರಿ ಇಲ್ಲೇ ಬಿಟ್ಟುಹೋಗಿ ಅಂತ ಮಿಸ್ತ್ರಿಗಳು ಹೇಳುವುದು ಅದಕ್ಕೇ. ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಆಯಿಲ್ ಕಡ್ಡಿ ಎಳೆದು ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಮೇಲಿನ ಗೆರೆ ದಾಟಿದೆಯೋ, ಕೆಳಗಿನ ಗೆರೆಗೆ ಬಂದಿದೆಯೋ? ಮೂಗಿನ ಹತ್ತಿರ ಹಿಡಿಯಿರಿ, ಡೀಸೆಲ್ ವಾಸನೆ ಬರುತ್ತದೋ ನೋಡಿ. ಕೂಲೆಂಟ್ ಬಾಟಲಿಯ ಮೇಲೆ ಈಗಿನ ಮಟ್ಟಕ್ಕೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಆಮೇಲೆ ಹಿಂದೆ ಹೋಗಿ ಸೈಲೆನ್ಸರ್ ಬಾಯೊಳಗೆ ಬೆರಳು ಆಡಿಸಿ. ಒಣ ಮಸಿ ಬಂದರೆ ಅದು ಡೀಸೆಲ್ ಕತೆ. ಜಿಡ್ಡುಜಿಡ್ಡಾಗಿ ಬೆರಳಿಗೆ ಅಂಟಿ, ಸೋಪು ಹಾಕಿದರೂ ಬೇಗ ಹೋಗದಿದ್ದರೆ ಆಯಿಲ್ ಬರುತ್ತಿದೆ. ಬಿಎಸ್-6 ಡೀಸೆಲ್ ಗಾಡಿಯಾದರೆ, ಅಂದರೆ 2020ರ ಏಪ್ರಿಲ್‌ನಿಂದ ಈಚೆಗೆ ಬಂದದ್ದು, ಪೈಪು ಹೆಚ್ಚುಕಡಿಮೆ ಶುಭ್ರವಾಗಿರಬೇಕು. ಮಸಿ ಹಿಡಿಯಲು ಅದರಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇದೆ. ಅದರ ಪೈಪಿನಲ್ಲಿ ಕಪ್ಪು ಮಸಿ ಕಂಡರೆ ಡಿಪಿಎಫ್ ಒಳಗೆ ಬಿರುಕು ಬಿಟ್ಟಿದೆ, ಇಲ್ಲವೇ ಯಾರೋ ಅದನ್ನು ಕಿತ್ತು ಖಾಲಿ ಡಬ್ಬಿ ಬಿಟ್ಟಿದ್ದಾರೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಇದನ್ನು ತಪ್ಪದೆ ನೋಡಬೇಕು.

ಈಗ ಸ್ಟಾರ್ಟ್ ಮಾಡಿಸಿ. ಶೆಡ್ಡಿನೊಳಗೆ ಬೇಡ, ಬಯಲಲ್ಲಿ. ಪೈಪಿನ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡಿ. ಹಿಂದೆ ಕಪ್ಪು ಗೋಡೆಯೋ ಗಿಡದ ನೆರಳೋ ಇದ್ದರೆ ನೀಲಿ ಹೊಗೆ ಚೆನ್ನಾಗಿ ಕಾಣುತ್ತದೆ. ಬಿಳಿ ಗೋಡೆಯ ಮುಂದೆ ಕಾಣುವುದೇ ಇಲ್ಲ.

ಬಿಸಿಯಾದ ಮೇಲೆ ರೋಡಿಗೆ ಇಳಿಸಬೇಕು. ಗ್ಯಾರೇಜಿನಲ್ಲಿ ನಿಲ್ಲಿಸಿ ರೇಸ್ ಕೊಟ್ಟರೆ ಟರ್ಬೊಗೆ ನಿಜವಾದ ಲೋಡ್ ಬೀಳುವುದಿಲ್ಲ. ನಾನು ತೋರಣಗಲ್ಲಿನಿಂದ ಸಂಡೂರು ಕಡೆಯ ಏರಿಗೆ ಒಯ್ಯುತ್ತೇನೆ. ಏರಿನಲ್ಲಿ ಮೂರನೇ ಗೇರಿನಲ್ಲಿ ತುಳಿದಾಗ ಒಂದು ನೋಟ, ಇಳಿವಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗ ಇನ್ನೊಂದು ನೋಟ. ಹಿಂದೆ ಇನ್ನೊಂದು ಗಾಡಿಯಲ್ಲಿ ಯಾರಾದರೂ ಕೂತು ವಿಡಿಯೊ ಮಾಡಬೇಕು. ಕನ್ನಡಿಯಲ್ಲಿ ನೋಡಿಕೊಂಡು ಓಡಿಸುವುದು ಬೇಡ, ಅದಿರು ಲಾರಿಗಳ ರಸ್ತೆ ಅದು.

ಕಪ್ಪು ಹೊಗೆ

ಒಲೆಗೆ ಸೌದೆ ತುರುಕಿ ಗಾಳಿ ಬಿಡದಿದ್ದರೆ ಹೊಗೆಯಾಡುತ್ತದಲ್ಲ, ಇದೂ ಹಾಗೇ. ಹಾಗಾಗಿ ಮೊದಲು ಗಾಳಿಯ ದಾರಿ ನೋಡಿ, ಡೀಸೆಲ್ ಚಿಮುಕಿಸುವ ಇಂಜೆಕ್ಟರ್ ಆಮೇಲೆ.

ಏರ್ ಫಿಲ್ಟರ್ ತೆಗೆಯಿರಿ. ಕಂಪನಿ ಪುಸ್ತಕದಲ್ಲಿ ಬರೆದಿರುವ ಕಿಲೋಮೀಟರ್ ನಮ್ಮ ಕಡೆಗೆ ಲೆಕ್ಕಕ್ಕೆ ಬರುವುದಿಲ್ಲ. ಮೈನ್ಸ್ ಕಡೆ ದಿನಾ ಓಡಾಡುವ ಗಾಡಿಗೆ ಅದರ ಅರ್ಧಕ್ಕೇ ಬಿಚ್ಚಿ ನೋಡಬೇಕು. ಧೂಳು ಕೂತ ಫಿಲ್ಟರನ್ನು ಕಂಪ್ರೆಸರ್ ಗಾಳಿಯಲ್ಲಿ ಜೋರಾಗಿ ಊದಿ ಮತ್ತೆ ಹಾಕುವುದು ಇಲ್ಲಿ ಎಲ್ಲರ ಅಭ್ಯಾಸ. ಹತ್ತಿರದಿಂದ ಊದಿದರೆ ಪೇಪರಿನಲ್ಲಿ ಸಣ್ಣ ಸಣ್ಣ ತೂತು ಬೀಳುತ್ತವೆ. ಲೈಟಿಗೆ ಹಿಡಿದರೆ ಕಾಣುತ್ತವೆ. ಆ ತೂತಿನಿಂದ ಹೋದ ಅದಿರಿನ ಧೂಳು ಟರ್ಬೊದ ಗಾಳಿ ರೆಕ್ಕೆಗಳ ಅಂಚನ್ನು ಸವೆಸುತ್ತದೆ, ಆಮೇಲೆ ಪಿಸ್ಟನ್ ರಿಂಗು, ಸಿಲಿಂಡರಿನ ಬೋರು. ಫಿಲ್ಟರ್ ಬಾಕ್ಸಿನ ಶುಭ್ರ ಬದಿಯಲ್ಲಿ, ಅಂದರೆ ಫಿಲ್ಟರ್ ದಾಟಿದ ಮೇಲಿನ ಪೈಪಿನಲ್ಲಿ ಬೆರಳು ಆಡಿಸಿ. ಕೆಂಪು ಹತ್ತಿದರೆ ಇವತ್ತಿನ ಕಪ್ಪು ಹೊಗೆ ನಾಳೆ ನೀಲಿ ಆಗುತ್ತದೆ ಅಂತಲೇ ಅರ್ಥ. ಸುಮ್ನೆ ಹೊಸ ಫಿಲ್ಟರ್ ಹಾಕಿ.

ಮುಂದೆ ಬೂಸ್ಟ್ ಪೈಪುಗಳು. ಬೂಸ್ಟ್ ಅಂದರೆ ಟರ್ಬೊ ತಳ್ಳುವ ಗಾಳಿಯ ಒತ್ತಡ. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಪೈಪುಗಳಿವು. ನಮ್ಮ ಬಿಸಿಲಿಗೆ, ಎಂಜಿನ್ನಿನ ಬಿಸಿಗೆ, ಆಯಿಲ್ ಆವಿಗೆ ರಬ್ಬರ್ ಮೆತ್ತಗಾಗಿ ಒಳಪದರ ಬಿಡುತ್ತದೆ. ಬಿರುಕು ಸಾಮಾನ್ಯವಾಗಿ ಪೈಪಿನ ಅಡಿಯಲ್ಲಿ, ಕೈ ಹೋಗದ ಕಡೆಯೇ ಇರುತ್ತದೆ. ಐಡಲ್‌ನಲ್ಲಿ ಅದು ಮುಚ್ಚಿಕೊಂಡೇ ಇರುತ್ತದೆ, ಒತ್ತಡ ಬಂದಾಗ ಮಾತ್ರ ಬಾಯಿ ತೆರೆಯುತ್ತದೆ. ಸೆನ್ಸರ್ ಅಳೆದ ಗಾಳಿಗೆ ತಕ್ಕಷ್ಟು ಡೀಸೆಲ್ ಹೋಗಿರುತ್ತದೆ, ಗಾಳಿ ಮಾತ್ರ ದಾರಿಯಲ್ಲೇ ಸೋರಿರುತ್ತದೆ. ಅದಕ್ಕೆ ತುಳಿದಾಗ ಕಪ್ಪು ಹೊಗೆ, ಪಿಕಪ್ ಇಲ್ಲ, ಜೊತೆಗೆ ಸುಯ್ ಅನ್ನುವ ಸದ್ದು.

ಇದನ್ನು ಹಿಡಿಯುವುದು ನಮ್ಮ ಊರಲ್ಲಿ ಸುಲಭ. ಧೂಳು ನಮಗೆ ಮಾಡುವ ಒಂದೇ ಉಪಕಾರ ಇದು. ಈ ಪೈಪುಗಳೊಳಗೆ ಬ್ರೀದರ್‌ನಿಂದ ಬಂದ ಆಯಿಲ್ ಆವಿ ಸ್ವಲ್ಪ ಇದ್ದೇ ಇರುತ್ತದೆ. ಗಾಳಿ ಸೋರುವ ಕಡೆ ಅದೂ ಸೋರುತ್ತದೆ. ಅದರ ಮೇಲೆ ಕೆಂಪು ಧೂಳು ಕೂತು ಕ್ಲಿಪ್ಪಿನ ಪಕ್ಕ ಬೆರಳಗಲ ಕಪ್ಪು-ಕೆಂಪು ಪೇಸ್ಟ್ ಕಟ್ಟಿಕೊಳ್ಳುತ್ತದೆ. ಸುತ್ತಲೂ ಒಣ ಧೂಳು, ಅಲ್ಲಿ ಮಾತ್ರ ಒದ್ದೆ. ಅದನ್ನು ಕಾಟನ್ ವೇಸ್ಟಿನಲ್ಲಿ ಒರೆಸಿ ಪೈಪನ್ನು ಎರಡೂ ಕೈಯಲ್ಲಿ ಬಗ್ಗಿಸಿದರೆ ಬಿರುಕು ಕಂಡೇ ಕಾಣುತ್ತದೆ. ಕಾಣದಿದ್ದರೆ ಟರ್ಬೊ ಬಾಯಿಗೆ ಮುಚ್ಚಳ ಹಾಕಿ ಅದರ ಮೂಲಕ ಗಾಳಿ ಬಿಟ್ಟು ಸೋಪು ನೀರು ಸವರಿ. ಅರ್ಧ ಬಾರ್, ಮುಕ್ಕಾಲು ಬಾರ್ ಸಾಕು. ಟೈರಿಗೆ ಬಿಡುವಷ್ಟು ಬಿಟ್ಟರೆ ಇರುವ ಪೈಪೂ ಹಾರುತ್ತದೆ.

ಇಂಟರ್‌ಕೂಲರ್‌ನ ಹೊರಗಿನ ರೆಕ್ಕೆಗಳನ್ನೂ ನೋಡಿ. ಕೆಂಪು ಧೂಳು, ಸತ್ತ ಹುಳ, ಹತ್ತಿ ಸೀಸನ್ನಿನಲ್ಲಿ ಅರಳೆ, ಎಲ್ಲ ಸೇರಿ ಮುಚ್ಚಿರುತ್ತದೆ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ಮೇಲಿನ ಬಿಸಿಲಲ್ಲಿ ಎಸಿ ಹಾಕಿಕೊಂಡು ಏರು ಹತ್ತುವಾಗ ಮಾತ್ರ ಕಪ್ಪು ಹೊಗೆ ಅನ್ನುವ ಗಾಡಿಗೆ ಹಲವು ಸಲ ಇದೇ ಕಾರಣ. ಬಿಸಿ ಗಾಳಿ ತೆಳ್ಳಗಿರುತ್ತದೆ, ಎಂಜಿನ್ನಿಗೆ ಸಾಲುವುದಿಲ್ಲ. ಒಳಗಡೆಯಿಂದ ಹೊರಗೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ರೆಕ್ಕೆ ಮಲಗಿಬಿಡುತ್ತವೆ.

ಇಷ್ಟೂ ಸರಿ ಇದ್ದರೆ ಇಜಿಆರ್ ವಾಲ್ವ್. ಸುಟ್ಟ ಹೊಗೆಯನ್ನು ಸ್ವಲ್ಪ ವಾಪಸ್ ಎಂಜಿನ್ನಿಗೆ ಕಳಿಸುವ ವಾಲ್ವ್ ಇದು. ಕಾರ್ಬನ್ ಕಟ್ಟಿ ತೆರೆದೇ ನಿಂತರೆ ಶುಭ್ರ ಗಾಳಿಗೆ ಜಾಗ ಇರುವುದಿಲ್ಲ. ಬಿಚ್ಚಿ ತೊಳೆದರೆ ಸುಮಾರಾಗಿ ಸರಿಯಾಗುತ್ತದೆ. ಮುಂದಿನದು ವಿಜಿಟಿ ಟರ್ಬೊದ ಕಡ್ಡಿ. ಈ ಥರದ ಟರ್ಬೊದಲ್ಲಿ ಹೊಗೆ ಬದಿಯಲ್ಲಿ ಆ ಕಡ್ಡಿಯಿಂದ ಅಲುಗಾಡುವ ಎಲೆಗಳಿರುತ್ತವೆ. ಮಸಿ ಹಿಡಿದು ಅವು ಗಟ್ಟಿಯಾದರೆ ಕೆಳಗಿನ ಆರ್‌ಪಿಎಂನಲ್ಲಿ ಬೂಸ್ಟ್ ಬರುವುದೇ ಇಲ್ಲ. ವ್ಯಾಕ್ಯೂಮಿನಲ್ಲಿ ಕೆಲಸ ಮಾಡುವ ಥರದ್ದಾದರೆ ಸ್ಟಾರ್ಟ್ ಮಾಡಿದ ಕೂಡಲೇ ಕಡ್ಡಿ ಎಳೆದುಕೊಳ್ಳಬೇಕು, ಆಫ್ ಮಾಡಿದಾಗ ಬಿಡಬೇಕು. ಅಲುಗಾಡದಿದ್ದರೆ ಟರ್ಬೊಗೆ ಕೈ ಹಾಕುವ ಮೊದಲು ಅದಕ್ಕೆ ಹೋಗುವ ಪೆನ್ಸಿಲ್ ದಪ್ಪದ ವ್ಯಾಕ್ಯೂಮ್ ಪೈಪು ನೋಡಿ. ಬಿಸಿಲಿಗೆ ಅದು ತುದಿಯಲ್ಲಿ ಸೀಳುತ್ತದೆ. ತುದಿ ಕತ್ತರಿಸಿ ಮತ್ತೆ ಚುಚ್ಚಿದರೆ ಮುಗಿಯಿತು.

ಕೊನೆಗೆ ಇಂಜೆಕ್ಟರು. ಕಪ್ಪು ಹೊಗೆಯ ಜೊತೆ ಟಕಟಕ ಅಂತ ಬಡಿಯುವ ಸದ್ದಿದ್ದರೆ ಇದರ ಮೇಲೆ ಅನುಮಾನ ಪಡಿ. ರಿಟರ್ನ್ ಪೈಪುಗಳನ್ನು ಬಾಟಲಿಗಳಿಗೆ ಬಿಟ್ಟು ಯಾವುದರಲ್ಲಿ ಜಾಸ್ತಿ ಬರುತ್ತದೆ ಅಂತ ನೋಡುವ ಪರೀಕ್ಷೆ ಇದೆ. ಅದೊಂದರಿಂದ ಎಲ್ಲ ಗೊತ್ತಾಗುವುದಿಲ್ಲ, ಡೀಸೆಲ್ ಲ್ಯಾಬಿನ ಬೆಂಚಿನ ಮೇಲೆ ಇಟ್ಟೇ ನೋಡಬೇಕು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹಳೇ ಕಾಲದ ಡೀಸೆಲ್ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಒಂದೊಂದೇ ನಾಜಲ್ ಪೈಪ್ ನಟ್ ಸಡಿಲಿಸಿ ಯಾವ ಸಿಲಿಂಡರ್ ಅಂತ ಹಿಡಿಯುತ್ತಿದ್ದರು. ಕಾಮನ್ ರೈಲ್ ಗಾಡಿಯಲ್ಲಿ, ಅಂದರೆ ಎಲ್ಲ ಇಂಜೆಕ್ಟರಿಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವ ಗಾಡಿಯಲ್ಲಿ, ಅದನ್ನು ಮಾಡಲೇಬಾರದು. ಒಳಗೆ ಸಾವಿರ ಬಾರ್‌ಗೂ ಮೀರಿದ ಒತ್ತಡ ಇರುತ್ತದೆ. ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಗಾಯ ಕಂಡರೂ ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಗಾಯ ಅದು.

ಪೆಟ್ರೋಲ್ ಟರ್ಬೊದಲ್ಲಿ ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಆಕ್ಸಿಜನ್ ಸೆನ್ಸರ್, ಸೋರುವ ಇಂಜೆಕ್ಟರ್, ಪ್ಲಗ್ಗು ನೋಡಿ. ಬೇಗ ನೋಡಿ, ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಇನ್ನು ರೀಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಾವಣೆ, ಮಾಡಿಸಿಕೊಂಡು ಕಪ್ಪು ಹೊಗೆ ಬಿಡುತ್ತಾ ಹೋಗುವ ನಮ್ಮ ಹುಡುಗರಿಗೆ ಹೇಳುವುದು ಏನೂ ಇಲ್ಲ. ಅದು ಕಾಯಿಲೆಯಲ್ಲ, ಶೋಕಿ.

ಹೊಗೆ ತಪಾಸಣೆಯ ಹಳೇ ಚೀಟಿಗಳನ್ನು ಎಸೆಯಬೇಡಿ. ಡೀಸೆಲ್ ಗಾಡಿಯ ಚೀಟಿಯಲ್ಲಿ ಹೊಗೆ ಎಷ್ಟು ದಟ್ಟ ಅನ್ನುವ ಅಂಕಿ ಇರುತ್ತದೆ. ಬಿಎಸ್-4 ಗಾಡಿಗೆ ಮಿತಿ 1.62, ಅದಕ್ಕಿಂತ ಹಳೇದಕ್ಕೆ 2.45. ಮಿತಿಯೊಳಗೇ ಇದ್ದರೂ ಹೋದ ಸಲಕ್ಕಿಂತ ಈ ಸಲ ಎರಡು ಪಟ್ಟಾಗಿದ್ದರೆ ಏನೋ ಶುರುವಾಗಿದೆ. ಮಷಿನ್ನಿಗೆ ನಿಜವಾಗಿಯೂ ಹಚ್ಚಿ ಕೊಟ್ಟ ಚೀಟಿಯಾಗಿರಬೇಕು, ಅದು ಬೇರೆ ಮಾತು.

ನೀಲಿ ಹೊಗೆ

ಟರ್ಬೊಗೆ ಸುಮ್ನೆ ಕೆಟ್ಟ ಹೆಸರು ಬರುವುದು ಇಲ್ಲೇ ಜಾಸ್ತಿ. ಯಾಕೆ ಅಂತ ತಿಳಿಯಲು ಅದರ ಒಳಗು ಸ್ವಲ್ಪ ಗೊತ್ತಿರಬೇಕು. ಒಂದು ಶಾಫ್ಟು, ಒಂದು ಕಡೆ ಹೊಗೆ ತಿರುಗಿಸುವ ಚಕ್ರ, ಇನ್ನೊಂದು ಕಡೆ ಗಾಳಿ ತಳ್ಳುವ ಚಕ್ರ. ಸಣ್ಣ ಕಾರುಗಳಲ್ಲಿ ಅದು ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗುತ್ತದೆ. ಹೆಚ್ಚಿನವುಗಳಲ್ಲಿ ಬಾಲ್ ಬೇರಿಂಗ್ ಇರುವುದಿಲ್ಲ. ಶಾಫ್ಟು ಆಯಿಲ್ ಪದರದ ಮೇಲೆ ತೇಲುತ್ತದೆ. ಆಯಿಲ್ ಮೇಲಿನಿಂದ ಸಣ್ಣ ಪೈಪಿನಲ್ಲಿ ಒತ್ತಡದಲ್ಲಿ ಬರುತ್ತದೆ, ಕೆಳಗಿನ ದಪ್ಪ ಪೈಪಿನಲ್ಲಿ ತನ್ನ ಭಾರಕ್ಕೆ ತಾನೇ ಇಳಿದು ಎಂಜಿನ್ ಅಡಿಯ ಆಯಿಲ್ ಸಂಪಿಗೆ ಹೋಗುತ್ತದೆ. ಒಳಗಿನ ಸೀಲು ರಬ್ಬರಿನದಲ್ಲ. ಪಿಸ್ಟನ್ ರಿಂಗಿನ ಥರದ ಸಣ್ಣ ಲೋಹದ ರಿಂಗು. ನಿಂತ ಆಯಿಲನ್ನು ಅದು ತಡೆಯಲಾರದು.

ಆದ್ದರಿಂದ ಕೆಳಗಿನ ಪೈಪಿನಲ್ಲಿ ಆಯಿಲ್ ಸರಿಯಾಗಿ ಇಳಿಯದಿದ್ದರೆ ಹೊಚ್ಚ ಹೊಸ ಟರ್ಬೊ ಕೂಡ ಆಯಿಲ್ ಬಿಡುತ್ತದೆ. ಯಾಕೆ ಇಳಿಯುವುದಿಲ್ಲ? ಪೈಪು ಮಡಚಿರಬಹುದು, ಕರಿ ಕಟ್ಟಿರಬಹುದು. ಸಂಪಿನಲ್ಲಿ ಆಯಿಲ್ ಜಾಸ್ತಿ ಹಾಕಿರಬಹುದು. “ಅರ್ಧ ಲೀಟರ್ ಉಳಿದೈತಿ, ಅದನ್ನೂ ಹಾಕಿಬಿಡು” ಅನ್ನುವವರು ಇದ್ದಾರೆ. ಇಲ್ಲವೇ ಬ್ರೀದರ್ ಕಟ್ಟಿಯೋ ರಿಂಗು ಸವೆದೋ ಎಂಜಿನ್ ಹೊಟ್ಟೆಯಲ್ಲಿ ಗಾಳಿ ಒತ್ತಡ ಏರಿರಬಹುದು.

ಅದಕ್ಕೆ ಟರ್ಬೊ ಮುಟ್ಟುವ ಮೊದಲು ಮುಚ್ಚಳದ ಪರೀಕ್ಷೆ. ಡೀಸೆಲ್ ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ಅದನ್ನೇ ತಲೆಕೆಳಗಾಗಿ ತೂತಿನ ಮೇಲೆ ಇಡಿ. ಸ್ವಲ್ಪ ಅಲುಗಿದರೆ ಚಿಂತೆಯಿಲ್ಲ. ಎಗರಿ ಬಿದ್ದರೆ, ಜೊತೆಗೆ ತೂತಿನಿಂದ ಬುಸುಬುಸು ಹೊಗೆ ಬಂದರೆ ಒಳಗೆ ಒತ್ತಡ ಇದೆ. ಬ್ರೀದರ್ ಪೈಪು ಬಿಚ್ಚಿ ಮತ್ತೆ ನೋಡಿ. ಅದರಿಂದ ಮುಚ್ಚಳ ಸುಮ್ಮನಾದರೆ ಬ್ರೀದರ್ ದಾರಿಯೇ ಕಟ್ಟಿದೆ, ಖರ್ಚು ಕಡಿಮೆ. ಬ್ರೀದರ್‌ನಿಂದಲೇ ಜೋರಾಗಿ ಹೊಗೆ ಬರುತ್ತಿದ್ದರೆ ರಿಂಗು, ಬೋರ್ ಕಡೆ ಹೋಗಬೇಕು. ಆಗ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ನೋಡಿ.

ಟರ್ಬೊ ನೋಡುವ ಹೊತ್ತು ಈಗ ಬಂತು. ಎಂಜಿನ್ ಆಫ್ ಆಗಿ ಪೂರ್ತಿ ತಣ್ಣಗಾಗಿರಬೇಕು. ಆರುವವರೆಗೆ ಒಗ್ಗರಣೆ-ಮಿರ್ಚಿ ತಿಂದು ಬನ್ನಿ, ಅವಸರ ಬೇಡ. ಗಾಳಿ ಪೈಪು ಬಿಚ್ಚಿ ಚಕ್ರದ ನಟ್ ಎರಡು ಬೆರಳಲ್ಲಿ ಹಿಡಿಯಿರಿ. ಮೇಲೆ-ಕೆಳಗೆ ಅಲುಗಾಡಿಸಿ. ಸ್ವಲ್ಪ ಅಲುಗುತ್ತದೆ, ಅಲುಗಲೇಬೇಕು. ಶಾಫ್ಟು ಆಯಿಲಿನ ಮೇಲೆ ತೇಲುತ್ತದೆ ಅಂದೆನಲ್ಲ, ಈಗ ಆ ಆಯಿಲ್ ಇಳಿದುಹೋಗಿದೆ, ಆ ಜಾಗವೇ ಈ ಪ್ಲೇ. ಇದನ್ನು ತೋರಿಸಿ “ನೋಡಿ ಸರ್, ಟರ್ಬೊ ಲೂಸ್” ಅಂತ ಹೆದರಿಸುವವರಿದ್ದಾರೆ. ನೋಡಬೇಕಾದ್ದು ಬೇರೆ. ಪಕ್ಕಕ್ಕೆ ಒತ್ತಿ ಹಿಡಿದು ತಿರುಗಿಸಿದಾಗ ರೆಕ್ಕೆ ಗೋಡೆಗೆ ತಾಗುತ್ತದೆಯೇ? ಗೋಡೆಯಲ್ಲಿ ಹೊಳೆಯುವ ಗೀರು ಇದೆಯೇ? ಶಾಫ್ಟನ್ನು ಹಿಂದೆ-ಮುಂದೆ ಎಳೆದಾಗ ಟಕ್ ಅಂತ ಕೈಗೆ ಪ್ಲೇ ಸಿಗುತ್ತದೆಯೇ? ರೆಕ್ಕೆಗಳ ತುದಿ ಮುರಿದಿದೆಯೇ, ಧೂಳಿಗೆ ಸವೆದು ಹರಿತವಾಗಿದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ಟರ್ಬೊ ಹೋಗಿದೆ. ಎಲ್ಲಕ್ಕೂ ಇಲ್ಲ ಅಂದರೆ ಬಿಟ್ಟುಬಿಡಿ.

ಆಯಿಲ್ ಯಾವ ಕಡೆಯಿಂದ ಬರುತ್ತಿದೆ ಅನ್ನುವುದನ್ನು ಪೈಪುಗಳೇ ಹೇಳುತ್ತವೆ. ಇಂಟರ್‌ಕೂಲರ್‌ನ ಕೆಳಗಿನ ಪೈಪು ಬಿಚ್ಚಿ ತಟ್ಟೆ ಹಿಡಿಯಿರಿ. ಒಳಗೆ ತೆಳ್ಳಗೆ ಸವರಿದಷ್ಟು ಜಿಡ್ಡು ಇದ್ದರೆ ಅದು ಬ್ರೀದರ್‌ನದು, ಎಲ್ಲ ಗಾಡಿಯಲ್ಲೂ ಇರುತ್ತದೆ. ಲೋಟದಷ್ಟು ಸುರಿದರೆ ಟರ್ಬೊದ ಗಾಳಿ ಬದಿ ಸೋರುತ್ತಿದೆ, ಇಲ್ಲವೇ ಬ್ರೀದರ್ ವಿಪರೀತ ಉಗುಳುತ್ತಿದೆ. ಟರ್ಬೊಗಿಂತ ಮೊದಲಿನ ಪೈಪೂ ಒದ್ದೆಯಾಗಿದ್ದರೆ ಬ್ರೀದರು. ಅದು ಒಣಗಿದ್ದು ನಂತರದ್ದು ಮಾತ್ರ ಒದ್ದೆಯಾಗಿದ್ದರೆ ಟರ್ಬೊ. ಎರಡೂ ಒಣಗಿದ್ದು ಸೈಲೆನ್ಸರ್‌ಗೆ ಹೋಗುವ ಮುಂದಿನ ಪೈಪಿನಲ್ಲಿ, ಟರ್ಬೊದ ಬಾಯಿಯಲ್ಲೇ ಹಸಿ ಆಯಿಲ್ ಇದ್ದು, ಅದರ ಹಿಂದಿನ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿನಿಂದ ಹೊಗೆ ತರುವ ಕೊಳವೆ, ಒಣಗಿದ್ದರೆ ಟರ್ಬೊದ ಬಿಸಿ ಬದಿ. ಮ್ಯಾನಿಫೋಲ್ಡೇ ಒದ್ದೆಯಾಗಿದ್ದರೆ ಆಯಿಲ್ ಎಂಜಿನ್ನಿನಿಂದಲೇ ಬರುತ್ತಿದೆ, ಟರ್ಬೊಗೆ ಸಂಬಂಧವಿಲ್ಲ.

ಹೊತ್ತಿನ ಲೆಕ್ಕವನ್ನೂ ಇದಕ್ಕೆ ಜೋಡಿಸಿ. ಐಡಲ್‌ನಲ್ಲಿ ತುಂಬ ಹೊತ್ತು ನಿಂತು ಹೊರಟಾಗ ಒಂದು ದಪ್ಪ ನೀಲಿ ಮೋಡ ಬಂದು ಆಮೇಲೆ ಕಡಿಮೆಯಾದರೆ ಟರ್ಬೊ ಸೀಲು, ಇಲ್ಲವೇ ಎಂಜಿನ್ ವಾಲ್ವಿನ ಕಡ್ಡಿಗೆ ಆಯಿಲ್ ತಡೆಯುವ ವಾಲ್ವ್ ಸೀಲು. ತುಳಿದಷ್ಟೂ ನೀಲಿ ಜಾಸ್ತಿಯಾದರೆ ರಿಂಗು, ಇಲ್ಲವೇ ಟರ್ಬೊದ ಗಾಳಿ ಬದಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಸಲ ಹೊಗೆ ಬಂದು ನಿಂತರೆ ವಾಲ್ವ್ ಸೀಲು. ಪೆಟ್ರೋಲ್ ಗಾಡಿಯಲ್ಲಿ ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗ ಬಂದರೂ ಅದೇ ಅನುಮಾನ. ಕಾಲು ತೆಗೆದಾಗ ಅದರ ಗಾಳಿ ಮ್ಯಾನಿಫೋಲ್ಡಿನಲ್ಲಿ ಎಳೆತ ಜಾಸ್ತಿ ಇರುತ್ತದೆ, ಅದು ಆಯಿಲನ್ನು ವಾಲ್ವ್ ಓಡಾಡುವ ಗೈಡಿನಿಂದ ಎಳೆದುಕೊಳ್ಳುತ್ತದೆ.

ನೀಲಿ ಹೊಗೆ ಜೋರಾಗಿರುವ ಡೀಸೆಲ್ ಗಾಡಿಯನ್ನು “ನಾಳೆ ನೋಡೋಣ” ಅಂತ ಓಡಿಸಬೇಡಿ. ಗಾಳಿ ಬದಿಯಿಂದ ಆಯಿಲ್ ಧಾರಾಳವಾಗಿ ಸೋರಿದರೆ ಎಂಜಿನ್ ಆ ಆಯಿಲನ್ನೇ ಸುಟ್ಟುಕೊಂಡು ತಾನೇ ರೇಸ್ ಆಗುತ್ತದೆ. ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ, ಏಕೆಂದರೆ ಅದು ಡೀಸೆಲಿನ ಮೇಲೆ ಓಡುತ್ತಿಲ್ಲ. ಗೇರ್ ಗಾಡಿಯಾದರೆ ನಿಲ್ಲಿಸಿ, ಕಾಲಿನ ಬ್ರೇಕು, ಹ್ಯಾಂಡ್ ಬ್ರೇಕು ಎರಡನ್ನೂ ಗಟ್ಟಿಯಾಗಿ ಹಿಡಿದು, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟುಬಿಡಿ. ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಆಟೊಮ್ಯಾಟಿಕ್‌ನಲ್ಲಿ ಈ ದಾರಿ ಇಲ್ಲ, ಗಾಳಿ ಬಾಯಿಗೆ ಹಲಗೆಯಂಥದ್ದು ಒತ್ತಿ ಹಿಡಿಯಬೇಕು. ಕೈ, ಬಟ್ಟೆ ಬೇಡವೇ ಬೇಡ, ಒಳಗೆ ಎಳೆದುಕೊಳ್ಳುತ್ತದೆ. ಹತ್ತಿರ ಹೋಗಲು ಆಗದಿದ್ದರೆ ಎಲ್ಲರನ್ನೂ ಇಳಿಸಿ ದೂರ ನಿಲ್ಲಿ. ಎಂಜಿನ್ ಹೋದರೆ ಹೋಗಲಿ.

ಬಿಳಿ ಹೊಗೆ

ಬೆಂಗಳೂರಿನವರಿಗೆ ಚಳಿಗಾಲದ ಬೆಳಿಗ್ಗೆ ಸೈಲೆನ್ಸರ್‌ನಿಂದ ಬಿಳಿ ಆವಿ ಬರುವುದು ಸಹಜ. ಎರಡು ನಿಮಿಷದಲ್ಲಿ ಹೋಗುತ್ತದೆ. ನಮ್ಮಲ್ಲೂ ಡಿಸೆಂಬರ್, ಜನವರಿಯಲ್ಲಿ ಸ್ವಲ್ಪ ಕಾಣಬಹುದು. ಆದರೆ ಏಪ್ರಿಲ್ ಮಧ್ಯಾಹ್ನ ಬಳ್ಳಾರಿಯಲ್ಲಿ ಬಿಳಿ ಹೊಗೆ ಗಾಳಿಯಲ್ಲಿ ತೇಲುತ್ತಾ ನಿಂತಿದೆ ಅಂದರೆ ಅದು ಆವಿ ಅಲ್ಲ. ತಕ್ಷಣ ನೋಡಬೇಕು.

ವಾಸನೆಯಲ್ಲಿ ಎರಡು ಥರ. ಕಣ್ಣು ಉರಿಸುವ ಹಸಿ ಡೀಸೆಲ್ ವಾಸನೆ ಇದ್ದರೆ ಡೀಸೆಲ್ ಸುಡದೆ ಬರುತ್ತಿದೆ. ತಣ್ಣಗಿರುವಾಗ ಮಾತ್ರ ಬಂದು ಬಿಸಿಯಾದ ಮೇಲೆ ಹೋದರೆ ತಣ್ಣಗಿನ ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ಗು ನೋಡಿ. ಒಂದೇ ಸಿಲಿಂಡರ್ ತಪ್ಪುತ್ತಾ ಗಾಡಿ ನಡುಗಿದರೆ ಒಂದು ಇಂಜೆಕ್ಟರು, ಇಲ್ಲವೇ ಆ ಸಿಲಿಂಡರಿನ ಕಂಪ್ರೆಷನ್ನು. ಮಳೆಗಾಲದಲ್ಲಿ ಡೀಸೆಲ್ ತುಂಬಿಸಿದ ಮರುದಿನ ಶುರುವಾಗಿದ್ದರೆ ಡೀಸೆಲ್ ಫಿಲ್ಟರಿನ ಅಡಿಯ ತಿರುಪು ಬಿಚ್ಚಿ ಗಾಜಿನ ಲೋಟಕ್ಕೆ ಹಿಡಿಯಿರಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಸ್ವಲ್ಪ ಸಿಹಿ ವಾಸನೆಯಿದ್ದು, ಮಾರ್ಕರ್ ಗೆರೆಯಿಂದ ಕೂಲೆಂಟ್ ಇಳಿಯುತ್ತಿದ್ದರೆ ನೀರು ಸಿಲಿಂಡರಿಗೆ, ಇಲ್ಲವೇ ಹೊಗೆಯ ದಾರಿಗೆ ಹೋಗುತ್ತಿದೆ. ತಣ್ಣಗಿರುವಾಗ ಬಾಟಲಿ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೋಡಿ. ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ ಹೆಡ್ ಪ್ಯಾಕಿಂಗ್, ಅಂದರೆ ಸಿಲಿಂಡರ್ ಹೆಡ್ ಅಡಿಯ ಗ್ಯಾಸ್ಕೆಟ್ ಹೋಗಿದೆ. ಗುಳ್ಳೆ ಇಲ್ಲ, ಆಯಿಲ್ ಕಡ್ಡಿ ಶುಭ್ರ, ಹೊರಗೆ ಎಲ್ಲೂ ಸೋರಿಲ್ಲ, ಆದರೂ ಕೂಲೆಂಟ್ ಮಾಯ ಅಂದರೆ ವಾಪಸ್ ಹೋಗುವ ಹೊಗೆಯನ್ನು ತಣಿಸುವ ಇಜಿಆರ್ ಕೂಲರ್ ಬಿಚ್ಚಿಸಿ. ಅದರೊಳಗೆ ಸೋರಿದರೆ ಕೂಲೆಂಟ್ ನೇರವಾಗಿ ಗಾಳಿಯ ದಾರಿಗೆ ಬೀಳುತ್ತದೆ. ಹೆಡ್ ಇಳಿಸುವ ದೊಡ್ಡ ಕೆಲಸಕ್ಕೆ ಒಪ್ಪುವ ಮೊದಲು ಇದನ್ನು ನೋಡಿಸಿಕೊಳ್ಳಿ. ಬಿಸಿ ಇರುವಾಗ ಮುಚ್ಚಳ ತೆಗೆಯಬಾರದು ಅಂತ ಎಲ್ಲರಿಗೂ ಗೊತ್ತು, ಆದರೂ ಪ್ರತಿ ಬೇಸಿಗೆ ಯಾರಾದರೂ ಕೈ ಸುಟ್ಟುಕೊಂಡು ಬರುತ್ತಾರೆ. ಬೋರ್‌ವೆಲ್ ನೀರು ಹಾಕುವುದನ್ನೂ ಬಿಡಿ. ನಮ್ಮ ಕಡೆಯ ಗಡಸು ನೀರು ರೇಡಿಯೇಟರ್ ಒಳಗೆ ಸುಣ್ಣ ಕಟ್ಟಿಸುತ್ತದೆ.

ಬಿಎಸ್-6 ಡೀಸೆಲ್‌ನಲ್ಲಿ ಇನ್ನೊಂದಿದೆ. ಡಿಪಿಎಫ್ ಮಸಿ ಸುಡುವಾಗ ಒಳಗೆ 600 ಡಿಗ್ರಿ ಹತ್ತಿರ ಬಿಸಿಯಾಗುತ್ತದೆ. ಆಗ ಸ್ವಲ್ಪ ತಿಳಿ ಹೊಗೆ, ಸುಟ್ಟ ವಾಸನೆ, ಆಫ್ ಮಾಡಿದ ಮೇಲೂ ಫ್ಯಾನ್ ಓಡುವುದು, ಇವೆಲ್ಲ ಸಹಜ. ಒಣ ಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ. ಊರೊಳಗೆ ಮೋತಿ ಸರ್ಕಲ್‌ನಿಂದ ರಾಯಲ್ ಸರ್ಕಲ್‌ವರೆಗೆ ಅಷ್ಟೇ ಓಡುವ ಗಾಡಿಯಲ್ಲಿ ಈ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಸುಡಲು ಹಾಕಿದ ಡೀಸೆಲ್ ಸಂಪಿಗೆ ಇಳಿದು ಆಯಿಲ್ ಮಟ್ಟ ಏರುತ್ತದೆ. ಕಡ್ಡಿಯ ವಾಸನೆ ನೋಡಿ ಅಂದದ್ದು ಇದಕ್ಕೂ ಸೇರಿ. ವಾರಕ್ಕೊಮ್ಮೆಯಾದರೂ ಹೊಸಪೇಟೆ ಹೈವೇಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ. ಆಯಿಲ್ ಏರಿದ್ದರೆ ಮೊದಲು ಆಯಿಲ್ ಬದಲಿಸಿ, ಆಮೇಲೆ ಹೈವೇ.

ಕೊನೆಗೂ ಟರ್ಬೊನೇ ಹೋಗಿದ್ದರೆ

ಸ್ಕ್ಯಾನರ್ ಹಾಕಿ ಬೇಕಾದ ಬೂಸ್ಟ್ ಎಷ್ಟು, ಬರುತ್ತಿರುವುದು ಎಷ್ಟು ಅನ್ನುವುದನ್ನು ರೋಡಿನಲ್ಲೇ ಓದಿ ಬರೆದಿಟ್ಟುಕೊಳ್ಳಿ. ಎರರ್ ಕೋಡ್ ಒಂದನ್ನೇ ನೋಡಿ ತೀರ್ಮಾನಿಸಬೇಡಿ. ಬೂಸ್ಟ್ ಕಡಿಮೆ ಅನ್ನುವ ಕೋಡು ಸೀಳಿದ ಪೈಪಿಗೂ ಬರುತ್ತದೆ, ಸತ್ತ ಟರ್ಬೊಗೂ ಬರುತ್ತದೆ.

ಹಳೇ ಟರ್ಬೊವನ್ನು ಕೇಳಿ ಪಡೆದು ನೋಡಿ. ಶಾಫ್ಟು ನೀಲಿಗಟ್ಟಿದ್ದರೆ ಆಯಿಲ್ ಸಿಕ್ಕಿಲ್ಲ. ಬೇರಿಂಗಿನಲ್ಲಿ ಗೀರು ಬಿದ್ದಿದ್ದರೆ ಆಯಿಲ್ ಕೊಳಕಾಗಿತ್ತು. ಒಳಗೆ ಗಟ್ಟಿ ಕರಿ ಕಟ್ಟಿದ್ದರೆ ಹೈವೇಯಲ್ಲಿ ಓಡಿಸಿ ಬಂದು ಡಾಬಾ ಮುಂದೆ ತಕ್ಷಣ ಆಫ್ ಮಾಡುವ ಚಾಳಿ. ಅರ್ಧ-ಒಂದು ನಿಮಿಷ ಐಡಲ್ ಬಿಟ್ಟರೆ ಸಾಕು, ಐದು ನಿಮಿಷ ಬೇಡ. ಗಾಳಿ ರೆಕ್ಕೆ ಸವೆದಿದ್ದರೆ ಫಿಲ್ಟರು.

ಹೊಸದು ಹಾಕುವಾಗ ಆಯಿಲ್ ಬರುವ ಸಣ್ಣ ಪೈಪನ್ನೂ ಹೊಸದು ಹಾಕಿಸಿ. ಹಳೇ ಪೈಪಿನೊಳಗಿನ ಕರಿ ತೊಳೆದರೆ ಹೋಗುವುದಿಲ್ಲ. ಆಯಿಲ್ ಪೈಪಿನ ಜಾಗಕ್ಕೆ ಪ್ಯಾಕಿಂಗ್ ಪೇಸ್ಟ್ ಹಚ್ಚಲು ಬಿಡಬೇಡಿ. ಒಳಗೆ ಜಾರಿದ ಒಂದು ಚೂರು ಸಾಕು, ದಾರಿ ಮುಚ್ಚುತ್ತದೆ. ಆಯಿಲು, ಆಯಿಲ್ ಫಿಲ್ಟರು, ಏರ್ ಫಿಲ್ಟರು ಮೂರೂ ಹೊಸದು. ಇಂಟರ್‌ಕೂಲರ್ ಇಳಿಸಿ ಒಳಗಿನ ಆಯಿಲ್ ಪೂರ್ತಿ ತೊಳೆದು ಒಣಗಿಸಬೇಕು. ಹಳೇ ಟರ್ಬೊದ ರೆಕ್ಕೆ ಮುರಿದಿದ್ದರೆ ಚೂರುಗಳು ಅಲ್ಲೇ ಕೂತಿರುತ್ತವೆ.

ಮೊದಲ ಸ್ಟಾರ್ಟಿಗೆ ಮುಂಚೆ ಟರ್ಬೊದ ಆಯಿಲ್ ತೂತಿಗೆ ಹೊಸ ಆಯಿಲ್ ಹಾಕಿ ಕೈಯಲ್ಲಿ ಚಕ್ರ ತಿರುಗಿಸಬೇಕು. ಆಮೇಲೆ ಎಂಜಿನ್ ಸ್ಟಾರ್ಟ್ ಆಗದಂತೆ ಮಾಡಿ ಸ್ವಲ್ಪ ಹೊತ್ತು ಸೆಲ್ಫ್ ಹೊಡೆದು ಆಯಿಲ್ ಒತ್ತಡ ಏರಿಸಬೇಕು. ಸ್ಟಾರ್ಟ್ ಆದ ಮೇಲೆ ಕೆಲವು ನಿಮಿಷ ಐಡಲ್, ರೇಸ್ ಕೊಡಬಾರದು. “ಎಳಿತೈತೇನು ನೋಡೋಣ” ಅಂತ ತಕ್ಷಣ ತುಳಿಯುವ ಹುಡುಗನನ್ನು ಸೀಟಿನಿಂದ ಇಳಿಸಿ.

ಇಷ್ಟಾದ ಮೇಲೂ ಮೊದಲ ಓಟದಲ್ಲಿ ನೀಲಿ ಹೊಗೆ ಬರುತ್ತದೆ. ಆಗ ಗಾಬರಿಯಾಗಬೇಡಿ, ಜಗಳಕ್ಕೂ ನಿಲ್ಲಬೇಡಿ. ಸೈಲೆನ್ಸರ್ ಒಳಗೆ ಕೂತ ಹಳೇ ಆಯಿಲ್ ಸುಟ್ಟು ಮುಗಿಯಬೇಕು. ತೋರಣಗಲ್ಲಿನವರೆಗೆ ಹೋಗಿ ಬಂದರೆ ಕಡಿಮೆಯಾಗುತ್ತಾ ಬರಬೇಕು. ಕಡಿಮೆಯಾಗದೆ ಹಾಗೇ ಇದ್ದರೆ ಗಾಡಿ ನಿಲ್ಲಿಸಿ, ಮತ್ತೆ ಆಯಿಲ್ ಮುಚ್ಚಳ ಬಿಚ್ಚಿ ಬ್ರೀದರ್‌ನಿಂದಲೇ ಶುರು ಮಾಡಿ.